ಅಳಿಸಿದ ಮೆಸೇಜು ಮತ್ತೆ ಸಿಗುತ್ತದೆಯೇ?

ಈ ವರ್ಷ ಈ ಪ್ರಶ್ನೆಯನ್ನು ನನ್ನ ಹತ್ತಿರ ಎಷ್ಟು ಜನ ಕೇಳಿದ್ದಾರೋ ಲೆಕ್ಕ ಇಟ್ಟಿಲ್ಲ. ಪೇರೆಂಟ್ಸ್ ಮೀಟಿಂಗ್ ಮುಗಿದ ಮೇಲೆ ಉಳಿದವರೆಲ್ಲ ಹೋಗುವವರೆಗೆ ಕಾದು ನಿಂತು ಕೇಳುತ್ತಾರೆ. "ಟೀಚರ್, ಮಗಳು ಮೆಸೇಜ್ ಎಲ್ಲಾ ಡಿಲೀಟ್ ಮಾಡ್ತಾಳೆ. ಅದನ್ನ ವಾಪಸ್ ತೋರಿಸೋ ಆ್ಯಪ್ ಇದೆಯಂತೆ, ಹೌದಾ?" ಕೆಲವರದು ಮಗನ ಚಿಂತೆ, ಕೆಲವರದು ಗಂಡನ ಮೇಲಿನ ಅನುಮಾನ. ಗಂಡಸರು ನೇರವಾಗಿ ಕೇಳುವುದಿಲ್ಲ, "ನನ್ನ ಫ್ರೆಂಡ್ ಒಬ್ಬನಿಗೆ ಬೇಕಿತ್ತು" ಎನ್ನುತ್ತಾರೆ. ನಾನು ಇಂಜಿನಿಯರ್ ಅಲ್ಲ, ಉರ್ದು ಮತ್ತು ಕನ್ನಡ ಕಲಿಸುವ ಟೀಚರ್. ಆದರೂ ಕೇಳುವವರು ಹೆಚ್ಚಾದ ಹಾಗೆ ಓದಿ, ತಿಳಿದವರನ್ನು ವಿಚಾರಿಸಿ ಅರ್ಥ ಮಾಡಿಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನಿನ್ನೆ ಅಳಿಸಿದ ಮೆಸೇಜನ್ನು ಇವತ್ತು ಹಾಕಿದ ನಿಗಾ ಆ್ಯಪ್ ತಂದುಕೊಡುವುದಿಲ್ಲ. ಆ ಆ್ಯಪ್ ಫೋನಿಗೆ ಬಂದು ಕುಳಿತ ಗಳಿಗೆಯಿಂದ ಮುಂದೆ ಬರುವ ಮೆಸೇಜುಗಳನ್ನು ನಕಲು ಮಾಡಿ ತನ್ನ ಕಂಪನಿಯ ಸರ್ವರಿಗೆ ಕಳಿಸುತ್ತದೆ. ಆಮೇಲೆ ನೀವು ಫೋನಿನಲ್ಲಿ ಅಳಿಸಿದರೂ ಆ ನಕಲು ಅಲ್ಲಿ ಉಳಿದಿರುತ್ತದೆ. ಜಾಹೀರಾತಿನಲ್ಲಿ ಇದನ್ನೇ "ಡಿಲೀಟ್ ಆದ ಮೆಸೇಜ್ ಓದಿ" ಎಂದು ಬರೆಯುತ್ತಾರೆ. ಪೂರ್ತಿ ಸುಳ್ಳು ಅನ್ನೋಕೂ ಬರಲ್ಲ, ಆದರೆ ಓದುವವರು ತಿಳಿದುಕೊಳ್ಳುವುದು ಬೇರೆಯೇ. ಹೋದದ್ದು ವಾಪಸ್ ಬರುತ್ತದೆ ಎಂದುಕೊಂಡೇ ಅವರು ದುಡ್ಡು ಕೊಡುತ್ತಾರೆ.

ಹೋದದ್ದು ಯಾಕೆ ಬರುವುದಿಲ್ಲ ಎಂದು ಸ್ವಲ್ಪ ವಿವರವಾಗಿ ನೋಡೋಣ. ಶಾಲೆಯ ಹಾಜರಿ ಪುಸ್ತಕ ನಿಮಗೆ ಗೊತ್ತು. ಒಬ್ಬ ಹುಡುಗ ಟೀಸಿ ತಗೊಂಡು ಹೋದರೆ ನಾವು ಆ ಪುಟವನ್ನು ಹರಿಯುವುದಿಲ್ಲ, ಹೆಸರಿನ ಮೇಲೆ ಕೆಂಪು ಗೆರೆ ಎಳೆಯುತ್ತೇವೆ. ಕೆಳಗಿನ ಹೆಸರನ್ನು ಇನ್ನೂ ಓದಬಹುದು. ಹೊಸ ಅಡ್ಮಿಷನ್ ಬಂದು ಆ ಜಾಗದ ಮೇಲೆ ಚೀಟಿ ಅಂಟಿಸಿ ಬೇರೆ ಹೆಸರು ಬರೆದರೆ ಮಾತ್ರ ಹಳೆಯದು ಮುಚ್ಚಿಹೋಗುತ್ತದೆ. ಫೋನಿನಲ್ಲಿ ವಾಟ್ಸಾಪ್ ತನ್ನ ಮೆಸೇಜುಗಳನ್ನು ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ಕಡತದಲ್ಲಿ ಇಡುತ್ತದೆ. ಡಿಲೀಟ್ ಒತ್ತಿದಾಗ ಸಾಮಾನ್ಯವಾಗಿ ಆಗುವುದು ಆ ಕೆಂಪು ಗೆರೆಯ ಕೆಲಸ. "ಈ ಜಾಗ ಖಾಲಿ, ಬೇರೆಯವರು ಬರಬಹುದು" ಎಂಬ ಗುರುತು ಬೀಳುತ್ತದೆ, ಅಕ್ಷರಗಳು ಒಂದಷ್ಟು ಹೊತ್ತು ಅಲ್ಲೇ ಇರುತ್ತವೆ. ದಿನಕ್ಕೆ ಇನ್ನೂರು ಮೆಸೇಜ್ ಬರುವ ಫ್ಯಾಮಿಲಿ ಗ್ರೂಪು ಇರುವ ಫೋನಿನಲ್ಲಿ ಆ ಜಾಗ ಬೇಗ ತುಂಬಿಹೋಗುತ್ತದೆ. ಕೆಲವು ಆ್ಯಪ್‌ಗಳು ಅಳಿಸುವಾಗಲೇ ಆ ಜಾಗಕ್ಕೆ ಸೊನ್ನೆ ತುಂಬಿಬಿಡುತ್ತವೆ, ಆಗ ಗೆರೆಯ ಕೆಳಗೆ ಓದಲು ಏನೂ ಇರುವುದಿಲ್ಲ.

"ಹಾಗಾದ್ರೆ ಆ ಉಳಿದ ಅಕ್ಷರ ಆ್ಯಪ್ ಓದಬಹುದಲ್ವಾ?" ಎಂದು ಒಬ್ಬ ಹತ್ತನೇ ಕ್ಲಾಸಿನ ಹುಡುಗ ನನ್ನನ್ನು ಕೇಳಿದ. ಒಳ್ಳೆಯ ಪ್ರಶ್ನೆ. ಓದಲಾಗದು, ಯಾಕೆಂದರೆ ಹಾಜರಿ ಪುಸ್ತಕ ಇರುವುದು ಬೀಗ ಹಾಕಿದ ಕೋಣೆಯಲ್ಲಿ. ಆಂಡ್ರಾಯ್ಡ್‌ನಲ್ಲಿ ಪ್ರತಿ ಆ್ಯಪ್‌ಗೂ ತನ್ನದೇ ಕೋಣೆ. ಒಂದು ಆ್ಯಪ್ ಇನ್ನೊಂದರ ಖಾಸಗಿ ಕಡತವನ್ನು ಇಣುಕಿ ನೋಡುವಂತಿಲ್ಲ. ಫೋನನ್ನು ರೂಟ್ ಮಾಡಿದರೆ, ಅಂದರೆ ತಯಾರಿಸಿದವರು ಹಾಕಿದ ಕಾವಲನ್ನೇ ಕಿತ್ತರೆ ಮಾತ್ರ ಒಳಗೆ ಹೋಗಬಹುದು. ಅನೇಕ ಫೋನುಗಳಲ್ಲಿ ರೂಟ್ ಮಾಡಲು ಬೂಟ್‌ಲೋಡರ್ ಎಂಬ ಬೀಗ ತೆಗೆಯಬೇಕು, ಅದನ್ನು ತೆಗೆಯುವಾಗ ಫೋನಿನಲ್ಲಿರುವುದೆಲ್ಲ ಒರೆಸಿಹೋಗುತ್ತದೆ. ಹುಡುಕಲು ಹೊರಟದ್ದೇ ಆ ಕೆಲಸದಲ್ಲಿ ಮಾಯ! ಇದರ ಮೇಲೆ ಇಂದಿನ ಫೋನುಗಳಲ್ಲಿ ಕಡತಗಳನ್ನು ಗೂಢಲಿಪಿಯಲ್ಲಿ ಇಡುತ್ತಾರೆ. ಐಫೋನಿನಲ್ಲಂತೂ ಕೋಣೆಗಳ ಗೋಡೆ ಇನ್ನೂ ಗಟ್ಟಿ.

ಹಾಗಿದ್ದರೆ ನಿಗಾ ಆ್ಯಪ್‌ಗಳು ಮುಂದಿನ ಮೆಸೇಜನ್ನಾದರೂ ಹೇಗೆ ಓದುತ್ತವೆ? ಅವು ಕೋಣೆಯ ಒಳಗೆ ಹೋಗುವುದಿಲ್ಲ, ಹೊಸ್ತಿಲಲ್ಲಿ ನಿಂತು ಬಂದುಹೋಗುವವರನ್ನು ನೋಡುತ್ತವೆ. ಒಂದು ಹೊಸ್ತಿಲು ನೋಟಿಫಿಕೇಶನ್. ಮೆಸೇಜ್ ಬಂದಾಗ ಪರದೆಯ ಮೇಲ್ಭಾಗದಲ್ಲಿ ಇಳಿಯುವ ಆ ಪಟ್ಟಿಯನ್ನು ಓದುವ ಅನುಮತಿ ಸಿಕ್ಕರೆ ಸಾಕು. ಪ್ಲೇ ಸ್ಟೋರಿನಲ್ಲಿ ಸಿಗುವ "ಡಿಲೀಟ್ ಮೆಸೇಜ್ ರಿಕವರಿ" ಆ್ಯಪ್‌ಗಳಲ್ಲಿ ಹೆಚ್ಚಿನವು ಇಷ್ಟೇ ಮಾಡುತ್ತವೆ. ಎದುರಿನವರು ಕಳಿಸಿ, ನೀವು ನೋಡುವ ಮೊದಲೇ "ಎಲ್ಲರಿಗೂ ಅಳಿಸು" ಒತ್ತಿದರೆ, ನೋಟಿಫಿಕೇಶನ್ನಿನ ನಕಲು ಈ ಆ್ಯಪ್‌ನಲ್ಲಿ ಉಳಿದಿರುತ್ತದೆ. ಆದರೆ ಚಾಟನ್ನು ಮ್ಯೂಟ್ ಮಾಡಿದ್ದರೆ, ಅಥವಾ ಆ ಹೊತ್ತಿಗೆ ಅದೇ ಚಾಟ್ ತೆರೆದಿದ್ದರೆ ನೋಟಿಫಿಕೇಶನ್ನೇ ಬರುವುದಿಲ್ಲ, ನಕಲೂ ಇಲ್ಲ. ಇನ್ನೊಂದು ಹೊಸ್ತಿಲು ಆ್ಯಕ್ಸೆಸಿಬಿಲಿಟಿ. ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳಲೆಂದು ಮಾಡಿದ ಸೌಲಭ್ಯ ಅದು. ಪರದೆಯ ಮೇಲೆ ಏನಿದೆಯೋ ಎಲ್ಲವನ್ನೂ ಅದು ಓದಬಲ್ಲದು, ಟೈಪ್ ಮಾಡಿದ್ದನ್ನೂ. ಅಂಧರಿಗಾಗಿ ತೆರೆದ ಬಾಗಿಲಲ್ಲೇ ಗೂಢಚಾರಿಕೆ ಆ್ಯಪ್‌ಗಳು ನುಸುಳುತ್ತವೆ ಎಂಬುದು ನನಗೆ ಬಹಳ ಬೇಸರ ತರಿಸಿದ ವಿಷಯ.

ಐಫೋನಿನಲ್ಲಿ ಹೆಚ್ಚಾಗಿ ಆ್ಯಪ್ ಹಾಕುವುದೇ ಇಲ್ಲ. ಐಕ್ಲೌಡ್ ಐಡಿ, ಪಾಸ್‌ವರ್ಡ್ ಇಸ್ಕೊಂಡು ಅಲ್ಲಿರುವ ಬ್ಯಾಕಪ್ ಓದುತ್ತಾರೆ. ಮತ್ತೆ ಅತಿ ಸುಲಭದ್ದು ವಾಟ್ಸಾಪಿನ ಲಿಂಕ್ಡ್ ಡಿವೈಸಸ್. ಒಂದು ನಿಮಿಷ ಫೋನ್ ಕೈಗೆ ಸಿಕ್ಕರೆ ಕ್ಯೂಆರ್ ಕೋಡ್ ತೋರಿಸಿ ತನ್ನ ಲ್ಯಾಪ್‌ಟಾಪಿನಲ್ಲಿ ನಿಮ್ಮ ವಾಟ್ಸಾಪ್ ತೆರೆದುಕೊಳ್ಳಬಹುದು. ಇದಕ್ಕೆ ದುಡ್ಡೂ ಬೇಡ. ಈ ಲೇಖನ ಓದುವುದನ್ನು ಇಲ್ಲೇ ನಿಲ್ಲಿಸಿ, ವಾಟ್ಸಾಪ್ ಸೆಟ್ಟಿಂಗಿಗೆ ಹೋಗಿ ಅದೊಂದನ್ನು ನೋಡಿಬನ್ನಿ. ಗೊತ್ತಿಲ್ಲದ ಕಂಪ್ಯೂಟರ್ ಕಂಡರೆ ಲಾಗ್‌ಔಟ್ ಮಾಡಿ.

ನಿಜವಾಗಿ ವಾಪಸ್ ಸಿಗುವ ಜಾಗಗಳೂ ಇವೆ, ಯಾವ ನಿಗಾ ಆ್ಯಪ್ ಇಲ್ಲದೆ. ನಿಮ್ಮದೇ ಫೋನು, ನಿಮ್ಮದೇ ಮೆಸೇಜು, ಕೈತಪ್ಪಿ ಅಳಿಸಿತು ಎಂದಿಟ್ಟುಕೊಳ್ಳಿ. ಆಂಡ್ರಾಯ್ಡ್‌ನಲ್ಲಿ ವಾಟ್ಸಾಪ್ ದಿನಾ ರಾತ್ರಿ 2 ಗಂಟೆಗೆ ಫೋನಿನೊಳಗೇ ಒಂದು ಬ್ಯಾಕಪ್ ಮಾಡುತ್ತದೆ, ಕಳೆದ ಏಳು ದಿನಗಳ ಕಡತಗಳನ್ನು ಇಟ್ಟಿರುತ್ತದೆ. ಅಳಿಸುವುದಕ್ಕೆ ಮುಂಚಿನ ದಿನದ ಕಡತ ಸಿಕ್ಕರೆ, ವಾಟ್ಸಾಪನ್ನು ತೆಗೆದು ಮತ್ತೆ ಹಾಕಿ ಅದರಿಂದ ತುಂಬಿಸಿಕೊಳ್ಳಬಹುದು. ಆದರೆ ಆ ದಿನದ ನಂತರ ಬಂದ ಮೆಸೇಜುಗಳು ಹೋಗುತ್ತವೆ, ಎರಡನ್ನೂ ಉಳಿಸಿಕೊಳ್ಳಲು ಬರುವುದಿಲ್ಲ. ಗೂಗಲ್ ಡ್ರೈವಿನಲ್ಲಿ ಇರುವುದು ಕೊನೆಯ ಒಂದು ಬ್ಯಾಕಪ್ ಮಾತ್ರ, ಅದು ಅಳಿಸಿದ ಮೇಲೆ ಆದದ್ದಾಗಿದ್ದರೆ ಪ್ರಯೋಜನವಿಲ್ಲ. ಐಫೋನಿನ ಸಾಮಾನ್ಯ ಮೆಸೇಜುಗಳಿಗೆ 2022ರ ಐಓಎಸ್ 16ರಿಂದ "ರೀಸೆಂಟ್ಲಿ ಡಿಲೀಟೆಡ್" ಬಂದಿದೆ, ಸುಮಾರು 30 ದಿನ ಇರುತ್ತದೆ. ಆಂಡ್ರಾಯ್ಡ್ 11ರಿಂದ ನೋಟಿಫಿಕೇಶನ್ ಹಿಸ್ಟರಿ ಎಂಬುದಿದೆ. ಮೊದಲೇ ಆನ್ ಮಾಡಿಟ್ಟಿದ್ದರೆ ಹಿಂದಿನ 24 ಗಂಟೆಯ ನೋಟಿಫಿಕೇಶನ್ ಕಾಣುತ್ತದೆ. ಇನ್ನು ವಾಟ್ಸಾಪ್ ಕಂಪನಿಯ ಹತ್ತಿರವೇ ಕೇಳಿದರೆ? ಮೆಸೇಜು ತಲುಪಿದ ಕೂಡಲೇ ಅವರ ಸರ್ವರಿನಿಂದ ಹೋಗುತ್ತದೆ, ತಲುಪದಿದ್ದರೆ 30 ದಿನ ಕಾಯ್ದು ಅಳಿಸುತ್ತಾರೆ.

ಎಲ್ಲಕ್ಕಿಂತ ಒಳ್ಳೆಯ ಬ್ಯಾಕಪ್ ಎದುರಿನವರ ಫೋನು. ನೀವು ನಿಮ್ಮ ಕಡೆ ಅಳಿಸಿದರೆ ಅವರ ಕಡೆ ಇದ್ದೇ ಇರುತ್ತದೆ. "ಎಲ್ಲರಿಗೂ ಅಳಿಸು" ಎಂಬ ಸೌಲಭ್ಯಕ್ಕೂ ಮಿತಿ ಇದೆ, ಈಗ ಅದು ಎರಡು ದಿನಕ್ಕಿಂತ ಸ್ವಲ್ಪ ಹೆಚ್ಚು. ಆಮೇಲೆ ಕಳಿಸಿದವರಿಗೂ ಅಳಿಸಲು ಆಗುವುದಿಲ್ಲ.

"ಟಿವಿಯಲ್ಲಿ ವರ್ಷಗಟ್ಟಲೆ ಹಳೆಯ ಚಾಟ್ ತೋರಿಸಿದ್ರಲ್ಲ ಟೀಚರ್, ಅದು ಹೇಗೆ?" ಎಂದೂ ಕೇಳುತ್ತಾರೆ. 2020ರಲ್ಲಿ ನಟ ಸುಶಾಂತ್ ಸಿಂಗ್ ರಜಪೂತ್ ಸಾವಿನ ನಂತರ ಮುಂಬೈಯಲ್ಲಿ ನಾರ್ಕೋಟಿಕ್ಸ್ ಬ್ಯೂರೋ ತನಿಖೆ ನಡೆದಾಗ ಸಿನಿಮಾದವರ ಹಳೆಯ ವಾಟ್ಸಾಪ್ ಮಾತುಕತೆಗಳು ಚಾನೆಲ್‌ಗಳಲ್ಲಿ ಓಡಿದ್ದು ನಿಮಗೆ ನೆನಪಿರಬಹುದು. ಆಗ ವಾಟ್ಸಾಪ್, ಮೆಸೇಜುಗಳ ಒಳಗಿನ ಮಾತು ತನಗೆ ಕಾಣುವುದಿಲ್ಲ ಎಂದು ಹೇಳಿಕೆ ಕೊಡಬೇಕಾಯಿತು. ತನಿಖೆಯವರು ಫೋನನ್ನೇ ವಶಕ್ಕೆ ತೆಗೆದುಕೊಳ್ಳುತ್ತಾರೆ, ಅದರ ಪೂರ್ತಿ ನಕಲು ಮಾಡುತ್ತಾರೆ, ಬ್ಯಾಕಪ್‌ಗಳನ್ನು ತೆರೆಯುತ್ತಾರೆ. ನಮ್ಮ ಕಡೆಯ ಇಂಥ ಕೆಲಸ ಕಲೀನಾದ ಫೊರೆನ್ಸಿಕ್ ಲ್ಯಾಬಿಗೆ ಹೋಗುತ್ತದೆ. ಅಲ್ಲಿ ಸೆಲೆಬ್ರೈಟ್‌ನಂಥ ಕಂಪನಿಗಳ ದುಬಾರಿ ಯಂತ್ರಗಳಿಂದ ಆ ಕೆಂಪು ಗೆರೆಯ ಕೆಳಗಿನ ಅಕ್ಷರಗಳನ್ನು ಹುಡುಕಬಹುದು. ಅವರಿಗೂ ಎಲ್ಲಾ ಸಲ ಸಿಗುವುದಿಲ್ಲ. ಲ್ಯಾಬು ಮಾಡುವ ಕೆಲಸವನ್ನು ನಾಲ್ಕು ಸಾವಿರದ ಆ್ಯಪ್ ಮಾಡುತ್ತದೆ ಎಂದು ನಂಬುವ ಮೊದಲು ಇದನ್ನು ಯೋಚಿಸಿ.

ನಾಲ್ಕು ಸಾವಿರ ಎಂದು ಸುಮ್ಮನೆ ಹೇಳಲಿಲ್ಲ. ನನಗೆ ಪರಿಚಯದ ಒಬ್ಬ ತಾಯಿ ಒಂದು ಮೊಬೈಲ್ ಅಂಗಡಿಯಲ್ಲಿ ಅಷ್ಟು ಕೊಟ್ಟು ಒಂಬತ್ತನೇ ಕ್ಲಾಸಿನ ಮಗಳ ಫೋನಿಗೆ ನಿಗಾ ಆ್ಯಪ್ ಹಾಕಿಸಿದ್ದರು. ಅಂಗಡಿಯವನು ಪ್ಲೇ ಸ್ಟೋರಿನಿಂದಲ್ಲ, ಬೇರೆಲ್ಲಿಂದಲೋ ಕಡತ ತಂದು, ಫೋನಿನ ಪ್ಲೇ ಪ್ರೊಟೆಕ್ಟ್ ಎಂಬ ಕಾವಲನ್ನು ಆಫ್ ಮಾಡಿ ಹಾಕಿಕೊಟ್ಟ. ಎರಡು ವಾರ ತಾಯಿ ರಾತ್ರಿಯೆಲ್ಲ ಮಗಳ ಚಾಟ್ ಓದಿದರು. ಹೋಮ್‌ವರ್ಕ್, ರೀಲ್ಸ್, ಗೆಳತಿಯರ ಜಗಳ. ಹಳೆಯದು ಒಂದಕ್ಷರ ಬರಲಿಲ್ಲ. ಹುಡುಗಿ ಅಳಿಸಿದ್ದು ಪ್ರೇಮ ಪತ್ರವೇ ಆಗಿರಲಿಲ್ಲ. ಯಾರೋ ಒಬ್ಬ ಇನ್‌ಸ್ಟಾಗ್ರಾಮಿನಿಂದ ಅವಳ ಫೋಟೋ ತೆಗೆದು, ಅದನ್ನು ಕೆಡಿಸಿ, ಎಲ್ಲರಿಗೂ ಕಳಿಸುತ್ತೇನೆ ಎಂದು ಹೆದರಿಸುತ್ತಿದ್ದ. ಅಬ್ಬಾ ನೋಡಿದರೆ ಶಾಲೆ ಬಿಡಿಸುತ್ತಾರೆ ಎಂಬ ಭಯಕ್ಕೆ ಅವಳು ಬಂದದ್ದನ್ನೆಲ್ಲ ಅಳಿಸುತ್ತಿದ್ದಳು. ತಾಯಿ ಹುಡುಕುತ್ತಿದ್ದದ್ದು ಮಗಳ ತಪ್ಪನ್ನು, ಅಳಿಸಿಹೋದದ್ದು ಮಗಳ ಪುರಾವೆ. ಕೊನೆಗೆ ಅದು ಸಿಕ್ಕಿದ್ದು ಅವಳ ಗೆಳತಿಯ ಫೋನಿನಲ್ಲಿ. ಅಳಿಸುವ ಮೊದಲು ಎರಡು ಸ್ಕ್ರೀನ್‌ಶಾಟ್ ಗೆಳತಿಗೆ ಕಳಿಸಿದ್ದಳಂತೆ. ಅದನ್ನು ಹೇಳಿದ್ದು ಹುಡುಗಿಯೇ, ಆ್ಯಪ್ ಅಲ್ಲ. ಮೂರು ದಿನ ಪಕ್ಕದಲ್ಲಿ ಕೂತು ಮಾತಾಡಿದ ಮೇಲೆ.

ಆ ಎರಡು ವಾರ ಮಗಳ ಮಾತುಕತೆ ಎಲ್ಲಿಗೆ ಹೋಗಿ ಕುಳಿತಿತ್ತು ಎಂಬುದು ಇನ್ನೊಂದು ಚಿಂತೆ. ಪೋಲೆಂಡಿನ ಲೆಟ್‌ಮೀಸ್ಪೈ ಎಂಬ ಆ್ಯಪ್ 2023ರಲ್ಲಿ ಹ್ಯಾಕ್ ಆಗಿ ಮುಚ್ಚಿತು. ಅಮೆರಿಕದ ಪಿಸಿಟ್ಯಾಟಲ್‌ಟೇಲ್ 2024ರ ಮೇಯಲ್ಲಿ ಹಾಗೇ ಆಯಿತು. ಎಂಸ್ಪೈ ಒಂದಕ್ಕಿಂತ ಹೆಚ್ಚು ಸಲ ಸೋರಿದೆ. 2025ರ ಜುಲೈಯಲ್ಲಿ ಕ್ಯಾಟ್‌ವಾಚ್‌ಫುಲ್ ಎಂಬ ಆ್ಯಪಿನ ಸೋರಿಕೆ ಹೊರಬಂತು. ಅದು ಮಕ್ಕಳ ಮೇಲೆ ನಿಗಾ ಇಡುವ ಆ್ಯಪ್ ಎಂದು ಹೇಳಿಕೊಳ್ಳುತ್ತಿತ್ತು. 62 ಸಾವಿರಕ್ಕೂ ಹೆಚ್ಚು ಗ್ರಾಹಕರ ಇಮೇಲ್ ಮತ್ತು ಪಾಸ್‌ವರ್ಡ್, ಸುಮಾರು 26 ಸಾವಿರ ಫೋನುಗಳ ಮಾಹಿತಿ ಬಯಲಾಯಿತು, ಆ ಫೋನುಗಳಲ್ಲಿ ಭಾರತದವೂ ಇದ್ದವು. ಅಮೆರಿಕದ ಎಫ್‌ಟಿಸಿ ಎಂಬ ಗ್ರಾಹಕ ರಕ್ಷಣೆಯ ಸಂಸ್ಥೆ 2021ರಲ್ಲಿ ಸ್ಪೈಫೋನ್ ಕಂಪನಿಯನ್ನು ಈ ವ್ಯಾಪಾರದಿಂದಲೇ ನಿಷೇಧಿಸಿತು. ಮಗಳ ಫೋಟೋ ಅಪರಿಚಿತರ ಕೈಗೆ ಹೋಗದಿರಲಿ ಎಂದು ಆ್ಯಪ್ ಹಾಕುವವರು, ಫೋಟೋ ಗ್ಯಾಲರಿಯನ್ನೇ ಅಪರಿಚಿತರಿಗೆ ಒಪ್ಪಿಸುತ್ತಿದ್ದಾರೆ.

ಗಂಡ ಹೆಂಡತಿಯ ವಿಷಯಕ್ಕೆ ಬರೋಣ. ನಾವಿರುವ ಠಾಣೆಯಲ್ಲೇ 2018ರ ಆರಂಭದಲ್ಲಿ ಒಂದು ದೊಡ್ಡ ಕೇಸು ಬಯಲಿಗೆ ಬಂತು. ನಾನು ನೌಪಾಡಾದ ಮನೆಯಲ್ಲಿ ಬೆಳಗಿನ ಪೇಪರಿನಲ್ಲಿ ಅದನ್ನು ಓದುತ್ತಿದ್ದದ್ದು ನೆನಪಿದೆ. ಜನರ ಕಾಲ್ ದಾಖಲೆಗಳನ್ನು, ಅಂದರೆ ಸಿಡಿಆರ್ ಅನ್ನು, ಕಾನೂನುಬಾಹಿರವಾಗಿ ತೆಗೆದು ಮಾರುತ್ತಿದ್ದಾರೆಂದು ಠಾಣೆ ಪೊಲೀಸರ ಕ್ರೈಂ ಬ್ರಾಂಚ್ ಹಲವು ಖಾಸಗಿ ಪತ್ತೇದಾರರನ್ನು ಬಂಧಿಸಿತು. ಸಂಗಾತಿಯ ಮೇಲೆ ಕಣ್ಣಿಡಲು ಸಿಡಿಆರ್ ತರಿಸಿಕೊಂಡರೆಂಬ ಆರೋಪದಲ್ಲಿ ಸಿನಿಮಾದವರ ಹೆಸರೂ ಬಂದು ದೇಶವೆಲ್ಲ ಸುದ್ದಿಯಾಯಿತು. ಇಲ್ಲಿ ತಿಳಿಯಬೇಕಾದದ್ದು ಎರಡು. ಸಿಡಿಆರ್‌ನಲ್ಲಿ ಮೆಸೇಜಿನ ಮಾತು ಇರುವುದಿಲ್ಲ. ಯಾವ ನಂಬರು, ಯಾವ ಹೊತ್ತು, ಎಷ್ಟು ಹೊತ್ತು, ಯಾವ ಟವರು, ಅಷ್ಟೇ. ಅದೂ ಅಧಿಕಾರ ಇರುವ ತನಿಖಾಧಿಕಾರಿ ನಿಯಮ ಪ್ರಕಾರ ಕೇಳಿದರೆ ಮಾತ್ರ ಕಂಪನಿ ಕೊಡಬೇಕು. ಮಾತೇ ಇಲ್ಲದ ಪಟ್ಟಿ ಮಾರಿದ ಆರೋಪಕ್ಕೇ ಜೈಲು ನೋಡಬೇಕಾಯಿತು ಎಂದರೆ, ಪೂರ್ತಿ ಮಾತುಕತೆ ಕದಿಯುವ ಆ್ಯಪ್ ಎಷ್ಟು ಸಣ್ಣ ವಿಷಯ ಎಂದು ನೀವೇ ಅಳೆಯಿರಿ.

ಮಾಲೀಕರ ಅನುಮತಿ ಇಲ್ಲದೆ ಫೋನಿನೊಳಗೆ ಹೋಗುವುದು, ಅದರಿಂದ ಮಾಹಿತಿ ತೆಗೆಯುವುದು 2000ದ ಐಟಿ ಕಾಯ್ದೆಯ 43 ಮತ್ತು 66ನೇ ಸೆಕ್ಷನ್ನಿನ ಕೆಳಗೆ ಬರುತ್ತದೆ. ಮೂರು ವರ್ಷದವರೆಗೆ ಸಜೆ, ಐದು ಲಕ್ಷದವರೆಗೆ ದಂಡ, ಅಥವಾ ಎರಡೂ. ಹೆಂಗಸೊಬ್ಬಳ ಇಂಟರ್‌ನೆಟ್, ಇಮೇಲ್ ಬಳಕೆಯ ಮೇಲೆ ಗಂಡಸು ಕಣ್ಣಿಡುವುದನ್ನು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಹಿಂಬಾಲಿಸುವ ಅಪರಾಧದಲ್ಲಿ ಸೇರಿಸಿದೆ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟು ಖಾಸಗಿತನ ಮೂಲಭೂತ ಹಕ್ಕು ಎಂದಿತಲ್ಲ, ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಇದಕ್ಕೆ ಎದುರಾಗಿ ಜನ ಇನ್ನೊಂದು ತೀರ್ಪನ್ನು ಹೇಳುತ್ತಾರೆ. 2025ರ ಜುಲೈ 14ರಂದು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ, ಹೆಂಡತಿ ಜೊತೆಗಿನ ಫೋನ್ ಮಾತನ್ನು ಗಂಡ ಗುಟ್ಟಾಗಿ ರೆಕಾರ್ಡ್ ಮಾಡಿದ್ದನ್ನು ವಿಚ್ಛೇದನದ ಕೇಸಿನಲ್ಲಿ ಸಾಕ್ಷ್ಯವಾಗಿ ನೋಡಬಹುದು ಎಂದಿತು. ಅದು ತಾನೇ ಆಡಿದ ಮಾತಿನ ರೆಕಾರ್ಡಿಂಗ್. ಬೇರೆಯವರ ಫೋನಿನಲ್ಲಿ ಬೇಹುಗಾರ ಆ್ಯಪ್ ನೆಡಲು ಅದು ಪರವಾನಗಿ ಕೊಟ್ಟಿಲ್ಲ. ಗಂಡ ಹೆಂಡತಿ ಒಬ್ಬರ ಮೇಲೊಬ್ಬರು ಗುಟ್ಟಾಗಿ ಕಣ್ಣಿಡುವಷ್ಟಾದರೆ ಆ ಸಂಬಂಧ ಆಗಲೇ ಕೆಟ್ಟಿದೆ ಎಂಬ ಅರ್ಥದ ಮಾತೂ ಆ ತೀರ್ಪಿನಲ್ಲಿದೆ. ವಾಟ್ಸಾಪ್ ಫಾರ್ವರ್ಡ್‌ಗಳಲ್ಲಿ ಆ ಭಾಗ ಬರಲಿಲ್ಲ, ಯಾಕೋ.

ಕಾನೂನು ಬಿಡಿ, ನಮ್ಮ ದೀನ್ ಏನನ್ನುತ್ತದೆ ಎಂದು ಕೇಳುವವರಿಗೆ: ಸೂರಾ ಹುಜುರಾತಿನ 12ನೇ ಆಯತ್ ಮೊದಲು ಅತಿಯಾದ ಅನುಮಾನವನ್ನು, ಆಮೇಲೆ ತಜಸ್ಸುಸನ್ನು, ಆಮೇಲೆ ಗೀಬತ್ತನ್ನು ತಡೆಯುತ್ತದೆ. ಆ ಕ್ರಮ ನೋಡಿ. ಅನುಮಾನ ಬಂದವರು ಇಣುಕುತ್ತಾರೆ, ಇಣುಕಿದವರು ಸುಮ್ಮನೆ ಕೂರುವುದಿಲ್ಲ, ಬೀದಿಗೆ ಹೇಳುತ್ತಾರೆ. ಉರ್ದುವಿನಲ್ಲಿ ತಜಸ್ಸುಸಿಗೆ ಟೋಹ್ ಎನ್ನುತ್ತೇವೆ. ಇನ್ನೊಬ್ಬರ ಗುಟ್ಟಿಗಾಗಿ ಹೊಂಚುವುದು ಎಂದು ಕನ್ನಡದಲ್ಲಿ ಹೇಳಬಹುದು.

ಹಾಗಂತ ಮಕ್ಕಳ ಕೈಗೆ ಫೋನ್ ಕೊಟ್ಟು ಕಣ್ಣು ಮುಚ್ಚಿ ಎನ್ನುತ್ತಿಲ್ಲ. ಸಣ್ಣ ಮಕ್ಕಳಿಗೆ ಗೂಗಲಿನ ಫ್ಯಾಮಿಲಿ ಲಿಂಕ್ ಇದೆ. ಎಷ್ಟು ಹೊತ್ತು ಬಳಸಿದರು, ಯಾವ ಆ್ಯಪ್ ಹಾಕಿದರು, ಎಲ್ಲಿದ್ದಾರೆ ಎಂದು ತೋರಿಸುತ್ತದೆ, ಮೆಸೇಜು ಓದಿಸುವುದಿಲ್ಲ. ಮಗುವಿಗೂ ಅದು ಫೋನಿನಲ್ಲಿದೆ ಎಂದು ಗೊತ್ತಿರುತ್ತದೆ. ಗೂಗಲ್ 2020ರಿಂದ ಪ್ಲೇ ಸ್ಟೋರಿನಲ್ಲಿ ಗುಟ್ಟಿನ ಬೇಹುಗಾರ ಆ್ಯಪ್‌ಗಳನ್ನು ನಿಷೇಧಿಸಿದೆ. ತಂದೆತಾಯಿ ಮಕ್ಕಳ ಮೇಲೆ ಬಹಿರಂಗವಾಗಿ ನಿಗಾ ಇಡುವ ಆ್ಯಪಿಗೆ ಅವಕಾಶ ಇದೆ, ಸಂಗಾತಿಯ ಮೇಲೆ ಇಡುವುದಕ್ಕೆ ಇಲ್ಲ. ಆದ್ದರಿಂದಲೇ ಅಂಗಡಿಯವರು ಹೊರಗಿನಿಂದ ಕಡತ ತಂದು ಹಾಕುವುದು.

ನಿಮ್ಮ ಫೋನಿನಲ್ಲೇ ಯಾರೋ ಕೂತಿದ್ದಾರೆ ಅನಿಸಿದರೆ ಪ್ಲೇ ಪ್ರೊಟೆಕ್ಟ್ ಆನ್ ಇದೆಯಾ ನೋಡಿ. ಆ್ಯಕ್ಸೆಸಿಬಿಲಿಟಿ ಮತ್ತು ನೋಟಿಫಿಕೇಶನ್ ಅನುಮತಿ ಯಾವ ಆ್ಯಪ್‌ಗಳಿಗೆ ಇದೆ ನೋಡಿ. "ಸಿಸ್ಟಮ್ ಸರ್ವಿಸ್" ಎಂಬಂಥ ಹೆಸರಿಟ್ಟುಕೊಂಡು ಅಡಗಿರುತ್ತವೆ. ಆದರೆ ಮನೆಯಲ್ಲಿ ಹೊಡೆತ ಬಡಿತ ಇರುವ ಹೆಂಗಸರು ಕಂಡ ಕೂಡಲೇ ತೆಗೆಯಬೇಡಿ. ತೆಗೆದ ಕ್ಷಣ ಹಾಕಿದವನಿಗೆ ಗೊತ್ತಾಗುತ್ತದೆ, ಪುರಾವೆಯೂ ಹೋಗುತ್ತದೆ. ಮೊದಲು ಬೇರೆಯವರ ಫೋನಿನಿಂದ ನಂಬುವವರಿಗೆ ತಿಳಿಸಿ.

ವಿದ್ಯಾರ್ಥಿಗಳಿಗೆ ಒಂದು ಮಾತು ಪ್ರತ್ಯೇಕವಾಗಿ ಹೇಳಬೇಕು. ನಿಮ್ಮನ್ನು ಯಾರಾದರೂ ಮೆಸೇಜಿನಲ್ಲಿ ಹೆದರಿಸಿದರೆ ಅಳಿಸಬೇಡಿ. ಬ್ಲಾಕ್ ಮಾಡುವ ಮೊದಲು ನಂಬರು, ಪ್ರೊಫೈಲ್ ಹೆಸರು, ದಿನಾಂಕ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆಯಿರಿ, ಹೆಸರು ಬದಲಾದೀತು ಎಂದು ಪ್ರೊಫೈಲಿನ ಲಿಂಕನ್ನೂ ಬರೆದಿಡಿ. ಆಗಲೇ ಅಳಿಸಿಬಿಟ್ಟಿದ್ದರೆ ಗಾಬರಿಯಾಗಿ ರಿಕವರಿ ಆ್ಯಪ್ ಹಾಕಬೇಡಿ. ಹೊಸದೇನು ಹಾಕಿದರೂ ಆ ಖಾಲಿ ಜಾಗದ ಮೇಲೆ ಚೀಟಿ ಅಂಟಿಸಿದ ಹಾಗೆ. ಫೋನನ್ನು ರಿಸೆಟ್ ಮಾಡಬೇಡಿ, ಅಂಗಡಿಗೆ ಕೊಡಬೇಡಿ. ವಾಟ್ಸಾಪಿನ ಹಳೆಯ ಬ್ಯಾಕಪ್ಪಿಗೂ ನೀವೇ ಕೈ ಹಾಕದೆ, ಫೋನನ್ನು ಹಾಗೇ ಇಟ್ಟು ದೊಡ್ಡವರೊಬ್ಬರಿಗೆ ಹೇಳಿ.

ದೊಡ್ಡವರಿಗೆ ಹೇಳುವುದೇ ಕಷ್ಟ ಎಂದಾದರೆ ಮಕ್ಕಳ ಸಹಾಯವಾಣಿ 1098 ಇದೆ. ಕೇಂದ್ರ ಸರ್ಕಾರದ ಸೈಬರ್‌ಕ್ರೈಮ್ ಪೋರ್ಟಲಿನಲ್ಲಿ ಹೆಂಗಸರು ಮಕ್ಕಳ ದೂರಿಗೆ ಬೇರೆ ವಿಭಾಗವಿದೆ, ಹೆಸರು ಹೇಳದೆಯೂ ಬರೆಯಬಹುದು. ದುಡ್ಡು ಹೋಗಿದ್ದರೆ 1930. ಹದಿನೆಂಟಕ್ಕಿಂತ ಕಡಿಮೆ ವಯಸ್ಸಿನವರ ಮೇಲೆ ಲೈಂಗಿಕ ಕಿರುಕುಳ ಆಗಿದ್ದು ಗೊತ್ತಾದರೆ ಪೊಲೀಸರಿಗೆ ತಿಳಿಸುವುದು ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಕಡ್ಡಾಯ, ನನ್ನಂಥ ಟೀಚರಿಗೂ. ಪೊಲೀಸರು ಸ್ಕ್ರೀನ್‌ಶಾಟಿನ ಜೊತೆ ಫೋನನ್ನೂ ಕೇಳುತ್ತಾರೆ. ಕೋರ್ಟಿಗೆ ಹೋಗುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಸರ್ಟಿಫಿಕೇಟು ಬೇಕಾಗುತ್ತದೆ, ಅದಕ್ಕೆ ಮೂಲ ಫೋನು ಇದ್ದರೆ ಒಳ್ಳೆಯದು. ಆ ಗೆಳತಿಯ ಫೋನನ್ನೂ ಜೊತೆಗೆ ತಗೊಂಡು ಹೋಗಿ. ಕೊಟ್ಟಾಗ ರಸೀದಿಯಲ್ಲಿ ಫೋನಿನ ಐಎಂಇಐ ನಂಬರು ಬರೆಸಿಕೊಳ್ಳಿ. ಸ್ಟಾರ್ ಹ್ಯಾಷ್ 06 ಹ್ಯಾಷ್ ಒತ್ತಿದರೆ ಆ ನಂಬರು ಪರದೆಯ ಮೇಲೆ ಬರುತ್ತದೆ.